ಕೆಂಪು ಚೌಕದೊಳಗಿನ ಹೆಸರು

ದೋರನಹಳ್ಳಿಯ ನಮ್ಮ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಹೋದ ವರ್ಷ ಶಹಾಪುರದ ಚರ್ಚಾ ಸ್ಪರ್ಧೆಗೆ ಆಯ್ಕೆಯಾದಳು. ಹುಡುಗಿಯರು ಕಾಲೇಜಿಗಾಗಿ ಊರು ಬಿಟ್ಟು ಹೋಗಬೇಕೇ ಎಂಬುದು ವಿಷಯ. ಅವರ ಮಾಸ್ತರರು ಮೊಬೈಲಿನಲ್ಲಿ ವಾದದ ನಕ್ಷೆ ಬಿಡಿಸುವುದನ್ನು ಕಲಿಸಿದ್ದರು. ಮೇಲೆ ವಿಷಯ, ಅದರ ಕೆಳಗೆ ಪರವಾದ ಕಾರಣಕ್ಕೆ ಹಸಿರು ಚೌಕ, ವಿರೋಧಕ್ಕೆ ಕೆಂಪು. ಒಬ್ಬರು ಬರೆದದ್ದು ಕೂಡಲೇ ತಂಡದವರೆಲ್ಲರಿಗೂ ಕಾಣುತ್ತಿತ್ತು. 'ಮಂದಿ ಅಂತಾರೆ' ಎಂದು ಬರೆಯುವಂತಿರಲಿಲ್ಲ. ಅಂದವರು ಯಾರೆಂದು ಹೇಳಬೇಕಿತ್ತು.

"ಮುತ್ಯಾ, ಅವ್ವನ ಸಾಲಿ ಯಾಕ ಬಿಡಿಸಿದಿ?" ಎಂದು ಕೇಳಿದಳು.

"ಮಂದಿ ಆಡಿಕೊಳ್ಳಾಕತ್ತಿದ್ರು."

"ಯಾವ ಮಂದಿ? ಹೆಸರಿಲ್ಲದ ಮಂದಿ ಇದರಾಗ ಕುಂದ್ರೂದಿಲ್ಲ."

ಯಾರೂ ಆಡಿಕೊಂಡಿರಲಿಲ್ಲ. ಹತ್ತನೆಯದು ಪಾಸಾದ ಮಗಳನ್ನು ಸುರಪುರದ ಕಾಲೇಜಿಗೆ ಕಳಿಸಲು ಹೆದರಿದವನು ನಾನು. ಹೆದರಿಕೆ ಒಪ್ಪಿಕೊಳ್ಳಲು ನಾಚಿ, ಅದನ್ನು ಊರ ಕಟ್ಟೆಯ ಮೇಲೆ ಕೂರುವವರ ಬಾಯಿಗೆ ಹಾಕಿದ್ದೆ. ಈಗಲೂ ಅದನ್ನೇ ಮಾಡಿದೆ. ತೀರಿಕೊಂಡಿದ್ದ ನನ್ನ ಗೆಳೆಯನ ಹೆಸರು ಹೇಳಿದೆ. ಅವಳು ಕೆಂಪು ಚೌಕದಲ್ಲಿ ಬರೆದಳು.

ಗಂಡನ ಊರು ಕೊಂಕಲ್‌ನಿಂದ ಬಂದಿದ್ದ ಮಗಳು ಅಲ್ಲೇ ತೊಗರಿ ಕೇರುತ್ತಿದ್ದಳು. ಮೊರದ ಸದ್ದು ನಿಂತಿತು.

"ಆ ಕಾಕಾ ಹಂಗಂದಿದ್ನಾ? 'ಸುರಪುರದಾಗ ನನ್ನ ತಂಗಿ ಮನ್ಯಾಗ ಇರ್ತಾಳ, ಕಳಿಸೋ' ಅಂತ ಅವ ನಿನ್ನ ಮುಂದ ಹೇಳಾಗ ನಾ ಬಾಗಿಲ ಹಿಂದ ನಿಂತಿದ್ನೆಪ್ಪಾ."

ಇಷ್ಟು ವರ್ಷ ಅವಳಿಗೆ ಗೊತ್ತಿತ್ತು. ಮತ್ತೆ ಕೇರತೊಡಗಿದಳು.

"ನಾಳಿ ಸ್ಟೇಜಿನ ಮ್ಯಾಲ ಈ ಹೆಸರು ಹೇಳಾಕೀ ನಾನು," ಅಂದಳು ಮೊಮ್ಮಗಳು. "ಖರೆ ಹೇಳು ಮುತ್ಯಾ."

"ಅವನ ಹೆಸರು ತೆಗಿ. ನಂದು ಹಾಕು."

ತೆಗೆದಳು. ಆದರೆ ತಂಡದಲ್ಲಿ ಗೆಳೆಯನ ಮೊಮ್ಮಗಳೂ ಇದ್ದಳು, ಅಷ್ಟರೊಳಗೆ ಓದಿದ್ದಳು. ಸಂಜೆ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಅವನ ಫೋಟೊ, ಗಾಜಿನ ಮೇಲೆ ಹಸಿ ವಿಭೂತಿ. ಹುಡುಗಿ ನೀರು ತಂದುಕೊಟ್ಟು, ನಾನು ಹೇಳಿದ್ದನ್ನೆಲ್ಲ ನಿಂತೇ ಕೇಳಿದಳು.

"ಆತ್ರಿ ಮುತ್ಯಾ. ಊರಾಗ ಸತ್ತವರು ಭಾಳ ಮಂದಿ ಅದಾರ. ನಮ್ಮ ಮುತ್ಯಾನ ಹೆಸರೇ ಯಾಕ ನೆನಪಾತ್ರಿ?"

ಆ ದಿನ ನನ್ನೆದುರು ಕೂತು ಕಳಿಸು ಎಂದವನು ಅವನೊಬ್ಬನೇ. ಮಗಳ ಓದಿನ ಮಾತು ಬಂದಾಗಲೆಲ್ಲ ಮೊದಲು ಕಾಣುವುದು ಅವನ ಮುಖ. ಹುಡುಗಿಗೆ ಅದನ್ನು ಹೇಳದೆ, ಲೋಟ ಕೊಟ್ಟು ಎದ್ದುಬಂದೆ.

ಈಗ ಕಟ್ಟೆಗೆ ಹೋದರೆ, ಅವನು ಒರಗುತ್ತಿದ್ದ ಕಂಬಕ್ಕೆ ಬೆನ್ನು ಮಾಡಿ ಕೂರುತ್ತೇನೆ. ಹಿಂದೆ ಯಾರೋ ಕೆಮ್ಮಿದರೂ, 'ಕಳಿಸೋ' ಎಂದು ಇನ್ನೊಮ್ಮೆ ಹೇಳಲು ಅವನೇ ಬಂದನೆನಿಸುತ್ತದೆ.