ಶ್ರದ್ಧಾಂಜಲಿಗೆ ದುಂಡು ಅಕ್ಷರ

ಗೆಳೆಯರೇ, ಇವತ್ತು ತಾಂಡೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಅಕ್ಷರಶಃ ಜಗಳವೊಂದನ್ನು ನೋಡಿದೆ.

ಪೆದ್ದೆಮುಲ್‌ನ ಶಿವಪ್ಪ, ತೀರಿಹೋದ ತಾಯಿಯ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ಬಂದಿದ್ದರು. ಕಂಪ್ಯೂಟರಿನಲ್ಲಿ ಅವರು ಆರಿಸಿದ್ದು ಕೈವಾರ ಇಟ್ಟು ಬರೆದಂತೆ ದುಂಡಗಿದ್ದ, ಎಲ್ಲೂ ಮೂಲೆಯಿಲ್ಲದ ದಪ್ಪ ಅಕ್ಷರ.

“ಕಾಕಾ, ಇದು ಐಸ್‌ಕ್ರೀಮ್ ಅಂಗಡಿಗಿ ಹಾಕೋ ಅಕ್ಷರರಿ. ಸತ್ತೋರಿಗಿ ಚೂಪಂದೇ ಹಾಕ್ತಾರ. ಮಂದಿ ನಗ್ತಾರ ನೋಡ್ರಿ,” ಅಂದ ಡಿಸೈನ್ ಮಾಡುವ ಇರ್ಫಾನ್.

“ನಗಲಿ ಬಿಡು. ನಮ್ಮವ್ವ ಎಂಬತ್ತು ವರ್ಷ ಬಾಳ್ಯಾಳ, ಒಬ್ಬರಿಗೂ ಚುಚ್ಚಿ ಮಾತಾಡಿಲ್ಲ. ಈಗ ಆಕಿ ಹೆಸರಿಗಿ ಮೊನಿ ಯಾಕ ಇಡ್ತಿ?”

ಇರ್ಫಾನ್ ಆ ದುಂಡು ಅಕ್ಷರವನ್ನೇ ಇನ್ನೊಂದಿಷ್ಟು ದೊಡ್ಡದು ಮಾಡಿದ.

ನಾನು ಹೋಗಿದ್ದು ನನ್ನ ವಿಸಿಟಿಂಗ್ ಕಾರ್ಡಿಗೆ ಅದೇ ದುಂಡು ಅಕ್ಷರ ಹಾಕಿಸಲು. ನನ್ನ ನಾಲಿಗೆ ನೆನಪಾಯಿತು. “ನನಗೆ ಚೂಪಂದೇ ಇರಲಿ” ಅಂದೆ.