ಲೊಕ್ಕನಹಳ್ಳಿಯ ಊದಿದ ನಳಿಗೆ

ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಜಿಲ್ಲಾ ಪೊಲೀಸ್‌ನಲ್ಲಿ ನಾನು ಆರ್ಮರರ್, ಅಂದರೆ ಬಂದೂಕು ರಿಪೇರಿಯವನು. ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವವರೆಲ್ಲ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಬಂದ ಮೇಲೆ ವಾಪಸ್ ಒಯ್ಯಬೇಕು. ಹನೂರು ಕಡೆಯ ಠಾಣೆಯೊಂದರಲ್ಲಿ ಹಾಗೆ ಬಂದ ಕೋವಿಗಳನ್ನು ನೋಡಲು ನನ್ನನ್ನು ಕಳಿಸಿದ್ದರು.

ಅವುಗಳಲ್ಲಿ ಲೊಕ್ಕನಹಳ್ಳಿಯ ಮಾದೇವಸ್ವಾಮಿಯದೊಂದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಬೆಳೆಗೆ ಬೀಳುವ ಹಂದಿ ಓಡಿಸಲು ಅಪ್ಪನಿಗೆ ಕೊಟ್ಟಿದ್ದ ಲೈಸೆನ್ಸು, ಅವನಿಗೆ ವಯಸ್ಸಾದ ಮೇಲೆ ಮಗನ ಹೆಸರಿಗೆ ಬಂದಿತ್ತು. ಬುಡದ ಹತ್ತಿರ ಬೆರಳಾಡಿಸಿದೆ. ಬಳೆ ತೊಡಿಸಿದ ಹಾಗೆ ನಳಿಗೆ ಊದಿಕೊಂಡಿತ್ತು.

ಮದ್ದು ಉರಿದು ಗ್ಯಾಸ್ ಆಗುತ್ತದೆ. ಅದು ಸೀಸದ ಗುಂಡನ್ನು ಮುಂದಕ್ಕೆ ತಳ್ಳುವಾಗ ನಳಿಗೆಯ ಗೋಡೆಯನ್ನೂ ಒತ್ತುತ್ತದೆ. ಇದೇ ಚೇಂಬರ್ ಪ್ರೆಷರ್. ಮಿತಿಯೊಳಗಿದ್ದರೆ ಲೋಹ ತುಸು ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಮಿತಿ ದಾಟಿದರೆ ಊದಿಕೊಂಡೇ ಉಳಿಯುತ್ತದೆ. ಅಂಥದ್ದು ಮುಂದಿನ ಸಲ ಸೀಳದಿದ್ದರೆ ಅದು ಹಿಡಿದವನ ಪುಣ್ಯ, ಅಷ್ಟೇ.

ಕೋವಿ ಒಯ್ಯಲು ಬಂದ ಮಾದೇವಸ್ವಾಮಿಗೆ, ಇದನ್ನು ಹಾರಿಸಬೇಡ, ಸತ್ತುಹೋಗುತ್ತೀಯ ಎಂದು ಬೈದೇ ಹೇಳಿದೆ. ಹಸು ಸಾಕಿ, ಡೇರಿಗೆ ಹಾಲು ಹಾಕಿ ಬದುಕುವ ಆಳು. ನಕ್ಕುಬಿಟ್ಟ.

“ನಮ್ಮಪ್ಪ ಆಕ್ತಿದ್ದ ಅಳತೆನೇ ಮದ್ದು ಆಕೋದು ಸಾ. ಅವ್ನ ಕಾಲ್ದಲ್ಲಿ ಏನೂ ಆಗ್ನಿಲ್ಲ.”

ಇನ್ಸ್‌ಪೆಕ್ಟರ್ ಹತ್ತಿರ ಓಡಿದೆ, ಕೊಡಬೇಡಿ ಸಾರ್ ಎಂದೆ. ಪಾಪ, ಅವರೂ ಒಳ್ಳೆಯವರೇ. ಲೈಸೆನ್ಸು ಚಾಲ್ತಿಯಲ್ಲಿದೆ, ಹಿಡಿದಿಡಲು ಮೇಲಿನಿಂದ ಆರ್ಡರ್ ಬೇಕು, ನಿಮ್ಮ ರಿಪೋರ್ಟ್ ಇವತ್ತೇ ಕಳಿಸುತ್ತೇನೆ ಎಂದರು. ಕಳಿಸಿದರು ಕೂಡ. ಕೋವಿ ಮಾತ್ರ ನನ್ನ ಕಣ್ಣೆದುರೇ ಬಸ್ಸು ಹತ್ತಿತು. ಯಾರ ಮೇಲೆ ಸಿಟ್ಟು ಮಾಡುವುದು ಎಂದೇ ತಿಳಿಯಲಿಲ್ಲ.

ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ ಹಂದಿ ಬಂದವು. ಆರ್ಡರ್ ಬಂದಿರಲಿಲ್ಲ. ಮಾದೇವಸ್ವಾಮಿ ಕೋವಿ ಹಾರಿಸಿದ, ನಳಿಗೆ ಸರಿಯಾಗಿ ಆ ಊತದಲ್ಲೇ ಸೀಳಿಹೋಯಿತು. ಚೂರುಗಳನ್ನು ಪರೀಕ್ಷೆಗೆಂದು ನನ್ನ ಮೇಜಿಗೇ ತಂದಿಟ್ಟರು. ನಾನು ಹೇಳಿದ್ದೇ ನಿಜವಾಯಿತಂತೆ. ಸುಡುಗಾಡು ನಿಜ!

ಮದ್ದಿನ ಅಳತೆ ಕೇಳಲು ಕೊಳ್ಳೇಗಾಲದ ಆಸ್ಪತ್ರೆಗೆ ಹೋದೆ. ಮಾದೇವಸ್ವಾಮಿಯ ಎಡಗೈ ಮಣಿಕಟ್ಟಿನಿಂದಾಚೆ ಇರಲಿಲ್ಲ. ಒಂದೇ ಕೈಲಿ ಹಾಲು ಕರೆಯೋದೆಂಗೆ ಎಂದು ನನ್ನನ್ನೇ ಕೇಳಿದ. ಮದ್ದನ್ನು ನೀನು ಯಾವುದರಲ್ಲಿ ಅಳೆಯುತ್ತಿದ್ದೆ ಎಂದು ಕೇಳಿದೆ.

“ಅಂಗೈ ಗುಳಿ ತುಂಬ, ಸಾ. ಅಪ್ಪ ತೋರ್ಸ್‌ಕೊಟ್ಟಂಗೇ.”

ಪಕ್ಕದಲ್ಲಿ ಕೂತಿದ್ದ ಅಪ್ಪ ಸಣಕಲು ಮುದುಕ. ಮಗನ ಉಳಿದ ಕೈಯನ್ನು ಎಳೆದುಕೊಂಡು, ಅದರ ಮೇಲೆ ತನ್ನ ಅಂಗೈ ಇಟ್ಟ. ಮಗನ ಬೆರಳುಗಳು ಒಂದೊಂದು ಗೆಣ್ಣು ಆಚೆಗೆ ಚಾಚಿದ್ದವು.

“ನಿನ್ ಕೈ ಇಷ್ಟು ದೊಡ್ದಾಗದೆ ಅಂತ ನಾ ನೋಡ್ನೇ ಇಲ್ವಲ್ಲ ಮಗಾ” ಎಂದು ಅತ್ತುಬಿಟ್ಟ.

ಮಿತಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಹೇಳಿಯೂ ಹೇಳಿದ್ದೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಕೈಲಿರಲಿಲ್ಲ. ಇಷ್ಟು ದಿನ ಏನೂ ಆಗಿಲ್ಲ ಎಂದು ಯಾರಾದರೂ ಧೈರ್ಯ ಹೇಳಿದರೆ, ಈಗಲೂ ನಾನು ಮೊದಲು ನೋಡುವುದು ಅವರ ಅಂಗೈಯನ್ನು.