ಕೊನೆಯ ಗಂಟು

ದೆವ್ವ, ಮಾಟ, ಕನಸಿನ ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವ ಪೈಕಿ. ಸೈನ್ಯದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಗಾಯಾಳುಗಳ ರಕ್ತ ಒರೆಸಿದವನಿಗೆ ಅಂಥದ್ದಕ್ಕೆಲ್ಲ ಪುರುಸೊತ್ತೂ ಇರಲಿಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ನಗುವುದಾದರೆ ನಗಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮದು ಬಿಂಡಿಗನವಿಲೆ ಪಕ್ಕದ ಹಳ್ಳಿ. ಅಪ್ಪ ಕುರಿ, ರಾಗಿ ಹೊಲದ ಜೊತೆಗೆ ಮೂಳೆ ಮುರಿದವರಿಗೆ ಬಿದಿರ ದಬ್ಬೆ ಕಟ್ಟುತ್ತಿದ್ದ. ಶೀಳನೆರೆ ಕಡೆಯಿಂದಲೂ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅವನದೊಂದು ಪದ್ಧತಿ ಇತ್ತು. ಐದು ದಬ್ಬೆ ಇಟ್ಟು, ಬಟ್ಟೆಯ ಪಟ್ಟಿ ಸುತ್ತಿ, ಗಂಟುಗಳನ್ನೆಲ್ಲ ಕಾಲಿನ ಒಳಬದಿಗೆ ಹಾಕಿ, ಕೊನೆಯದೊಂದನ್ನು ಮಾತ್ರ ಮೊಣಕಾಲಿನ ಮೇಲೆ ಬಿಡುತ್ತಿದ್ದ. ಅದನ್ನು ನೋವು ತಿನ್ನುವವರೇ ಕಟ್ಟಿಕೊಳ್ಳಬೇಕು. ಚಿಕ್ಕ ಮಕ್ಕಳಾದರೂ ಅಳುತ್ತಲೇ ಕಟ್ಟಬೇಕು. ಅರ್ಧ ವಾಸಿ ಮಾಡುವುದು ನಾನು, ಇನ್ನರ್ಧ ನೀನು ಎನ್ನುತ್ತಿದ್ದ.

ತರಬೇತಿ ಮುಗಿಸಿ ಮೊದಲ ರಜೆಗೆ ಬಂದಾಗ ನಾನು ನಾಲ್ಕು ಜನರೆದುರು, ನೀನು ಜನರನ್ನು ಕುಂಟರನ್ನಾಗಿ ಮಾಡುತ್ತಿದ್ದೀಯ ಎಂದುಬಿಟ್ಟೆ. ಅಪ್ಪ ಕೈಯಲ್ಲಿದ್ದ ದಬ್ಬೆ ಕಟ್ಟಿ ಮುಗಿಸಿದ. ಕೆಲವು ವರ್ಷಕ್ಕೆ, ಕೈ ನಡುಗುತ್ತದೆಂದು ಹೇಳಿ ದಬ್ಬೆ ಕಟ್ಟುವುದನ್ನೇ ನಿಲ್ಲಿಸಿದ. ನನ್ನ ಮಾತಿನಿಂದಲೇ ನಿಲ್ಲಿಸಿದನೇನೋ ಎಂಬ ಅಳುಕು ನನ್ನನ್ನು ಬಿಡಲಿಲ್ಲ.

ಕಾರ್ಗಿಲ್ ಯುದ್ಧದ ವರ್ಷ ನಮ್ಮ ಗುಡಾರ ಬೆಟ್ಟದ ಬುಡದಲ್ಲಿತ್ತು. ಮೇಲಿನಿಂದ ಹೊತ್ತು ತಂದವರನ್ನು ನೋಡಿ, ರಕ್ತ ನಿಲ್ಲಿಸಿ, ಟ್ರಕ್ಕಿಗೆ ಹಾಕಿ ಆಸ್ಪತ್ರೆಗೆ ಕಳಿಸುವುದು ನಮ್ಮ ಕೆಲಸ. ಒಂದು ಮಧ್ಯಾಹ್ನ ಗಢವಾಲದ ಕಡೆಯ ಜವಾನನೊಬ್ಬನನ್ನು ತಂದರು. ಶೆಲ್ ಸಿಡಿದು ಕೊರಕಲಿಗೆ ಬಿದ್ದಿದ್ದ. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು. ಅಂಥ ಕಾಲು ಬೆಟ್ಟದ ದಾರಿಯಲ್ಲಿ ಕುಲುಕಾಡಿದರೆ ರಕ್ತನಾಳ ಹರಿದು, ಕೊನೆಗೆ ಕತ್ತರಿಸಬೇಕಾಗುತ್ತದೆ. ಕಂಬಳಿ ಸರಿಸಿ ನೋಡಿದೆ. ಮದ್ದುಗುಂಡಿನ ಪೆಟ್ಟಿಗೆಯ ಐದು ಹಲಗೆ ಚೂರು, ಹರಿದ ಅಂಗಿಯ ಪಟ್ಟಿ. ಗಂಟುಗಳೆಲ್ಲ ಒಳಬದಿಗೆ. ಮೊಣಕಾಲಿನ ಮೇಲೆ ಒಂದೇ ಒಂದು ಗಂಟು, ಅದೂ ಸಡಿಲ, ಬೇರೆ ಕೈಯದು.

ಯಾರು ಕಟ್ಟಿದ್ದೆಂದು ಕೇಳಿದೆ. ತಾವು ಕೊರಕಲಿಗೆ ಇಳಿಯುವಷ್ಟರಲ್ಲಿ ಕಟ್ಟಿಯೇ ಇತ್ತು, ಅಲ್ಲಿ ಬೇರೆ ಯಾರೂ ಇರಲಿಲ್ಲ ಎಂದರು ಹೊತ್ತು ತಂದವರು. ಜವಾನನಿಗೆ ಅರೆಪ್ರಜ್ಞೆ. ಯಾರೋ ಬಟ್ಟೆಯ ತುದಿಗಳನ್ನು ತನ್ನ ಅಂಗೈಗಿಟ್ಟು ಬೆರಳು ಮಡಿಸಿದರು, ಕಣ್ಣಿಗೆ ರಕ್ತ ಇಳಿದಿದ್ದರಿಂದ ಮುಖ ಕಾಣಲಿಲ್ಲ, ಆದರೆ ಆ ಕೈ ನಡುಗುತ್ತಿತ್ತು ಎಂದ. ನಿಯಮದ ಪ್ರಕಾರ ಅದನ್ನು ಬಿಚ್ಚಿ ನಮ್ಮ ಪಟ್ಟಿ ಕಟ್ಟಬೇಕಿತ್ತು. ಕತ್ತರಿ ಕೈಯಲ್ಲೇ ಇತ್ತು. ಅವನ ಕಾಲಿನ ಹೆಬ್ಬೆರಳು ಒತ್ತಿ ನೋಡಿದೆ. ಬೆಚ್ಚಗಿತ್ತು, ರಕ್ತ ಓಡುತ್ತಿತ್ತು. ಕತ್ತರಿ ಕೆಳಗಿಟ್ಟು ಹಾಗೇ ಕಳಿಸಿದೆ.

ಅವತ್ತು ನಿದ್ದೆ ಬರಲಿಲ್ಲ. ಅವನ ಕಾಲು ಹೋದರೆ ಅದು ನನ್ನ ತಲೆಗೇ. ವಾರದ ಮೇಲೆ ಟ್ರಕ್ಕಿನವರು ಸುದ್ದಿ ತಂದರು: ಕಾಲು ಉಳಿಯಿತು, ಕಟ್ಟಿದವನು ಯಾರೆಂದು ಸರ್ಜನ್ ಕೇಳಿದರಂತೆ. ನಾನಲ್ಲ ಎಂದು ಹೇಳಿ ಕಳಿಸಿದೆ. ಎರಡು ತಿಂಗಳಿಗೆ ಆ ಜವಾನನೇ, ಕೋಲು ಹಿಡಿದು ನಿಂತೆ ಎಂದು ಕಾಗದ ಬರೆದ.

ಯುದ್ಧ ಮುಗಿದು ರಜೆ ಸಿಕ್ಕಾಗ, ನಾಗಮಂಗಲದಲ್ಲಿ ಬಸ್ಸು ಹತ್ತುವಾಗಲೇ ಇದನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದ್ದೆ. ಹೇಳಲೂ ಇಲ್ಲ. ಊಟಕ್ಕೆ ಬಡಿಸುತ್ತ ಅವ್ವನೇ ಶುರುಮಾಡಿದಳು, ಅಪ್ಪನಿಗೆ ಅರಳುಮರಳು ಎಂದು.

"ಎಳ್ಳು ಊ ಬುಟ್ಟಿದ್ದಾಗ ಕಣಪ್ಪ. ಉಣ್ತಾ ಇದ್ದ ಮುದ್ದೆ ಬುಟ್ಟು ಎದ್ದೋಗಿ, ಪಂಚೆ ಸೀಳಿ, ಒನಕೆಗೆ ದಬ್ಬೆ ಕಟ್ತು ನಿಮ್ಮಪ್ಪ. ಕೊನೆ ಗಂಟಿಗೆ ಬಟ್ಟೆ ಇಡ್ಕಂಡು ಸುಮ್ಕೆ ಕುಂತಿತ್ತು. ಒಸಿ ಒತ್ತಾದ್ಮೇಲೆ, ಕಟ್ಕಂಡ ಬುಡು ಅಂತ ಕೈ ತೊಳ್ಕಂಡು ಬಂತು."

ತಾರೀಖು ಅವ್ವನಿಗೆ ಗೊತ್ತಿಲ್ಲ. ಎಳ್ಳು ಹೂ ಬಿಡುವ ಕಾಲವೂ ಆ ಜವಾನ ಬಂದ ದಿನವೂ ಹತ್ತಿರ ಹತ್ತಿರವೇ, ಆದರೆ ಹತ್ತು ದಿನ ಹಿಂದುಮುಂದಾಗಿರಬಹುದು. ಬೆಟ್ಟದ ಸೀಮೆಯಲ್ಲೂ ಹೀಗೆ ಕಟ್ಟುವವರು ಇರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ಅಪ್ಪ ಜಗಲಿಯ ಮೇಲಿದ್ದ. ಹಿಂದೆ ಆಡಿದ ಮಾತಿಗೆ ತಪ್ಪಾಯಿತು ಎನ್ನಬೇಕೆಂದು ಪಕ್ಕದಲ್ಲಿ ಕೂತೆ. ಅವನೇ, ಕುರಿಗಳ ಕಡೆ ನೋಡುತ್ತ ಕೇಳಿದ.

"ಕಾಲು ಊರುದ್ನೇನ್ಲಾ ಅವ್ನು?"

ಯಾರು ಎಂದು ನಾನು ಕೇಳಲಿಲ್ಲ. "ಊರುದ ಕಣಪ್ಪ" ಎಂದೆ. ಅಳು ಬಂತು. ಅಪ್ಪ, ಸರಿ ಬುಡು ಎಂದು ಕುರಿಗಳನ್ನು ರೊಪ್ಪಕ್ಕೆ ಅಟ್ಟಲು ಎದ್ದ.

ಅವನು ಆಮೇಲೆ ಆರು ವರ್ಷ ಬದುಕಿದ್ದ. ಇದು ಹೇಗಾಯಿತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಸಂಜೆಯ ಮರುದಿನ ಬೆಳಿಗ್ಗೆ ಮಾತ್ರ ಮಚ್ಚು ತೆಗೆದುಕೊಂಡು ಹೋಗಿ, ಬಿದಿರು ಸೀಳುವುದನ್ನು ಹೇಳಿಕೊಡು ಎಂದು ಅವನ ಮುಂದೆ ಕುಳಿತೆ.